ಆಟ ಕಟ್ಟಿದವರು ಯಾರು?

ನಾಟಕವೆಂದರೆ ನಿರ್ದೇಶಕನ ಕೃತಿ ಎಂಬ ಮಾತು ಕನ್ನಡ ರಂಗಭೂಮಿಯಲ್ಲಿ ಬೇರೂರಿದ್ದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ. ಸಿರಸಂಗಿಯ ಸುತ್ತಲ ಸೀಮೆಗೆ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಊರುಗಳಿಗೆ, ಆ ಮಾತು ಇಂದಿಗೂ ಪೂರ್ತಿ ಒಗ್ಗಿಲ್ಲ. ಇಲ್ಲಿ ಆಟ ಕಲಿಸುವವರು ಮಾಸ್ತರ. ಆಟ ಮಾತ್ರ ಊರಿನದು. ಇದನ್ನು ಹಳ್ಳಿಗರ ಮುಗ್ಧತೆ ಎಂದು ಮೆಚ್ಚಿ ಮುಂದೆ ಹೋದವರೇ ಹೆಚ್ಚು. ನನಗೆ ಇದು ಚೆನ್ನಾಗಿ ಪಳಗಿದ ರಂಗವಿದ್ಯೆಯಾಗಿ ಕಾಣುತ್ತದೆ. ಅದರ ಸೋಲು ಗೆಲುವುಗಳನ್ನು ವಿದ್ಯೆಯೆಂದೇ ಅಳೆಯಬೇಕು.

ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವನ್ನೇ ತೆಗೆದುಕೊಳ್ಳಿ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಅದರ ವಸ್ತು ಎಂಬುದು ಈ ಭಾಗದ ಮನೆಮಾತು. ಬರೆದವರು ಬೈಲವಾಡದ ಪತ್ತಾರ ಮಾಸ್ತರ ಎಂದು ಪರಂಪರೆ ಹೇಳುತ್ತದೆ. ದೊಡ್ಡಾಟಗಳು ಪುರಾಣದ ವೀರರನ್ನು ಕುಣಿಸುತ್ತಿದ್ದ ಸೀಮೆಯಲ್ಲಿ ಈ ಮಾಸ್ತರ ನೋಡುಗರ ಓಣಿಯ ಮನುಷ್ಯರನ್ನೇ ಅಟ್ಟದ ಮೇಲೆ ತಂದು ನಿಲ್ಲಿಸಿದರು. ಸಿರಿವಂತ ಸಂಗ್ಯಾ, ಈರಣ್ಣನ ಹೆಂಡತಿ ಗಂಗಿ, ಇಬ್ಬರ ನಡುವೆ ಓಡಾಡುವ ಪರಮ್ಮ, ಕಡೆಗೆ ಸಂಗ್ಯಾನ ಗೆಳೆತನವನ್ನೇ ಮಾರಿಕೊಳ್ಳುವ ಬಾಳ್ಯಾ.

ಹೀಗೆ ಬರೆದದ್ದು ಹಾಗೆಯೇ ಉಳಿಯಲಿಲ್ಲ. ಮೇಳದಿಂದ ಮೇಳಕ್ಕೆ ಪಾಠ ಬೇರೆಯಾಯಿತು. ಪರಮ್ಮನ ಸೋಗಿಗೆ ಮಾತುಗಾರ ಸಿಕ್ಕ ಕಡೆ ಅವಳ ಮಾತು ಬೆಳೆಯಿತು. ಈರಣ್ಣನ ಪಾತ್ರಕ್ಕೆ ಒಳ್ಳೆಯ ಕಂಠ ಸಿಕ್ಕ ಕಡೆ ಅವನ ದುಃಖ ಹಾಡಾಯಿತು. ಘೋಡಗೇರಿಯ ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆಯೂ ಹಳ್ಳಿಯ ಮೇಳಗಳು ತಮ್ಮ ತಮ್ಮ ವಹಿ ಬಿಡಲಿಲ್ಲ. ಆಟ ಯಾರ ಮೇಲೂ ಕಡೆಯ ತೀರ್ಪು ಹೇರುವುದಿಲ್ಲ. ತಪ್ಪು ಸಂಗ್ಯಾನದೋ, ಬಾಳ್ಯಾನದೋ, ಪರಮ್ಮನದೋ ಎಂಬ ವಾದ ಆಟ ಮುಗಿದ ಮೇಲೂ ಕಟ್ಟೆಯ ಮೇಲೆ ನಡೆಯುತ್ತದೆ. ಒಬ್ಬನೇ ಕೂತು ಬರೆದು, ಒಬ್ಬನೇ ತಿದ್ದಿ ಮುಗಿಸಿದ್ದರೆ ಈ ಬಿಚ್ಚುತನ ಉಳಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಕೂಡಿ ಕಟ್ಟುವ ಈ ಕೆಲಸದ ಕೀಲಿ ಹಿಮ್ಮೇಳದಲ್ಲಿದೆ. ಸಣ್ಣಾಟದ ತಾಲೀಮನ್ನು ಹತ್ತಿರ ಕೂತು ನೋಡಿದರೆ ಇದು ತಿಳಿಯುತ್ತದೆ. ಹಾರ್ಮೋನಿಯಂ ಪೇಟಿಯ ಮುಂದೆ ಮಾಸ್ತರ, ಪಕ್ಕದಲ್ಲಿ ದಪ್ಪು, ತಾಳ, ಹಿಂದೆ ಹಾಡುವ ಇಬ್ಬರು ಮೂವರು. ಪಾತ್ರಧಾರಿ ಹಾಡಿದ ಸಾಲಿನ ತುದಿಯನ್ನು ಅವರು ಏರುದನಿಯಲ್ಲಿ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಪಾತ್ರಧಾರಿ ಉಸಿರು ಹಿಡಿದು, ಹೆಜ್ಜೆ ಹಾಕಿ, ಮುಂದಿನ ಮಾತು ಹೊಂದಿಸಿಕೊಳ್ಳಬೇಕು. ಅವನು ತಡವರಿಸಿದನೋ, ಹಿಮ್ಮೇಳ ಇನ್ನೊಂದು ಸುತ್ತು ಹಾಡುತ್ತದೆ. ಮಾತು ರಂಗೇರಿ ಜನ ನಗುತ್ತಿದ್ದಾರೋ, ಪೇಟಿ ಕಾಯುತ್ತದೆ. ಹಾಡು ಮಾಸ್ತರರು ಕೊಟ್ಟದ್ದು, ಮಾತು ಬಹುಪಾಲು ಆಡುವವನದು, ಹೊತ್ತು ಹಿಮ್ಮೇಳದ್ದು. ಇಂದಿನ ನಿರ್ದೇಶಕರು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಓಟ, ನಿಲುಗಡೆ, ಒತ್ತುಗಳನ್ನು ಇಲ್ಲಿ ಆರೇಳು ಜನ ಹಂಚಿಕೊಂಡಿರುತ್ತಾರೆ, ಅದೂ ಆಟ ನಡೆಯುತ್ತಿರುವಾಗಲೇ. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತದಲ್ಲೂ ಇದೇ ಬಗೆ. ಭಾಗವತ ಮತ್ತು ದೂತಿ ಸವಾಲು ಜವಾಬಿಗೆ ಇಳಿದರೆ ಪುರಾಣದ ದ್ವಾರಕೆ ನೋಡನೋಡುತ್ತ ಈ ಊರೇ ಆಗಿಬಿಡುತ್ತದೆ.

ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಈ ವಿದ್ಯೆಯನ್ನು ಕಂಪನಿ ನಾಟಕದ ಪರದೆಯ ಮುಂದೆ ತಂದವರು. ಬಾಲಕನಾಗಿ ಹೆಣ್ಣು ಪಾತ್ರ ಮಾಡಿ, ಕಂಪನಿಗಳಲ್ಲಿ ಬೆಳೆದು, ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ, ಜಗಜ್ಯೋತಿ ಬಸವೇಶ್ವರದ ಬಸವಣ್ಣನಾಗಿ ಉತ್ತರ ಕರ್ನಾಟಕದ ಮನೆ ಮನೆಗೂ ಪರಿಚಿತರಾದರು. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಮಾಲೀಕ, ನಟ, ಗಾಯಕ, ಕಲಿಸುವವರು ಎಲ್ಲವೂ ಅವರೇ ಆಗಿದ್ದ ಕಂಪನಿಯಲ್ಲಿ ಕೂಡುಕೆಲಸ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಬಂದದ್ದು ಒಟ್ಟಿಗೆ ಬದುಕುವ ರೀತಿಯಿಂದ. ಒಂದೇ ಅಡುಗೆಮನೆ, ಒಂದೇ ಲಾರಿ, ತಿಂಗಳುಗಟ್ಟಲೆ ಒಂದೇ ಊರಿನ ಮೊಕ್ಕಾಂ. ಪರದೆ ಬರೆಯುವವರೂ, ತಬಲಾದವರೂ, ಗೇಟಿನವರೂ ಇಂದು ಯಾವ ಹಾಡಿಗೆ ಒನ್ಸ್ ಮೋರ್ ಬಿತ್ತು ಎಂಬುದನ್ನು ಬಲ್ಲವರಾಗಿದ್ದರು. ನಾಳೆಯ ಆಟ ಅದರಿಂದ ಬದಲಾಗುತ್ತಿತ್ತು. ಲಕ್ಷ್ಮೀಬಾಯಿ ಏಣಗಿಯವರಂಥ ಗಾಯಕ ನಟಿ ಇದ್ದ ಕಂಪನಿಯಲ್ಲಿ ಹಾಡಿನ ಜಾಗವನ್ನು ಅವರ ಕಂಠವೂ ಗೊತ್ತು ಮಾಡುತ್ತಿತ್ತು ಎಂಬುದನ್ನು ಬಾಳಪ್ಪನವರ ಹೊಗಳಿಕೆಯಲ್ಲಿ ನಾವು ಮರೆಯುತ್ತೇವೆ. ಇದು ನನಗೆ ಸರಿಕಾಣುವುದಿಲ್ಲ.

ಹೆಣ್ಣುಮಕ್ಕಳ ಮಾತು ಬಂದಾಗಲೇ ಈ ಪರಂಪರೆಯ ದೊಡ್ಡ ಊನ ಎದುರಾಗುತ್ತದೆ. ಗಂಗಿಯ ಆಸೆ, ಅಂಜಿಕೆ, ಪಶ್ಚಾತ್ತಾಪಗಳನ್ನು ಬಹುಕಾಲ ಆಡಿದವರು ಗಂಡಸರು, ಹಾಡು ಕಟ್ಟಿದವರು ಗಂಡಸರು, ಮುಂದೆ ಕೂತು ತೀರ್ಮಾನಿಸಿದವರೂ ಬಹುಪಾಲು ಗಂಡಸರು. ಊರೆಲ್ಲ ಕೂಡಿ ಕಟ್ಟಿದ ಆಟ ಎನ್ನುವಾಗ ಅರ್ಧ ಊರು ಹೊರಗೇ ಇತ್ತು. ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನವರು ಹೆಸರು ಮಾಡಿದ್ದು ಈ ಗೋಡೆಯನ್ನು ದಾಟಿ. ಇಂದು ಹಳ್ಳಿಯ ಸಾಮಾಜಿಕ ನಾಟಕಗಳಿಗೆ ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ. ಊರಿನ ಹುಡುಗರಿಗೆ ತಿಂಗಳ ತಾಲೀಮು, ನಟಿಯರಿಗೆ ಒಂದು ಸಂಜೆ ಸಿಕ್ಕರೆ ಪುಣ್ಯ. ಕರಪತ್ರದಲ್ಲಿ ಪೆಂಡಾಲು ಕೊಟ್ಟವರ ಹೆಸರೂ ಇರುತ್ತದೆ. ಇಡೀ ನಾಟಕ ಹೊತ್ತು ನಿಂತ ನಟಿಯರ ಹೆಸರು ಮೂಲೆಯ ಸಾಲಿನಲ್ಲಿ. ಆಟ ಕಟ್ಟುವಲ್ಲಿ ಪಾಲು ಕೊಡದೆ ಆಡುವುದಕ್ಕೆ ಮಾತ್ರ ಕರೆಯುವುದು ಸಹಕಾರವಲ್ಲ, ಕೂಲಿ.

ಆಧುನಿಕ ರಂಗಭೂಮಿ ಈ ಸೀಮೆಯಿಂದ ಪಡೆದದ್ದೇನು? 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರು ಕಂಬಾರರ ಜೋಕುಮಾರಸ್ವಾಮಿ ಆಡಿಸಿದಾಗ ಬಯಲಾಟದ ಹಾಡು, ಕುಣಿತ, ಮೇಳ ನಗರದ ನೋಡುಗರನ್ನು ಬೆರಗುಗೊಳಿಸಿದವು. ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿದ್ದ ಕಾರಂತರಿಗೆ ಮಾಸ್ತರರ ಮರ್ಮ ಗೊತ್ತಿತ್ತು. ತಾಲೀಮಿನಲ್ಲೇ, ನಟರ ಕಂಠದಲ್ಲೇ ಅವರ ರಂಗಸಂಗೀತ ಹುಟ್ಟುತ್ತಿತ್ತು. ಅವರ ನಂತರದ ಅನೇಕರು ಡೊಳ್ಳು, ಕಂಬಳಿ, ಹೆಜ್ಜೆಗಳನ್ನು ಎತ್ತಿಕೊಂಡರು. ಅಧಿಕಾರ ಹಂಚುವ ಆ ಕ್ರಮವನ್ನು ಎತ್ತಿಕೊಳ್ಳಲಿಲ್ಲ. ರಂಗದ ಮೇಲೆ ಹಿಮ್ಮೇಳ ಕೂತಿರುತ್ತದೆ, ಆದರೆ ಪ್ರತಿ ಸಾಲೂ ಮೊದಲೇ ಎಣಿಸಿಟ್ಟದ್ದು. ನಟ ಅರೆಗಳಿಗೆ ಹೆಚ್ಚು ನಿಂತರೆ ಬೆಳಕು ಆರಿಹೋಗುತ್ತದೆ. ಇಂಥ ಪ್ರಯೋಗಗಳನ್ನು ಜಾನಪದ ಶೈಲಿ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ.

ಮೇಳಗಳಿಗೂ ಈಗ ಅದೇ ಗತಿ ಬರುತ್ತಿದೆ. ರಾತ್ರಿಯಿಡೀ ಆಡಬೇಕಾದ ಸಂಗ್ಯಾ ಬಾಳ್ಯಾವನ್ನು ಉತ್ಸವದ ವೇದಿಕೆಗೆ ಕತ್ತರಿಸಿ ಇಡುವಾಗ ಮೊದಲು ಹೋಗುವುದು ಹಿಮ್ಮೇಳದ ಮರುಸಾಲುಗಳು ಮತ್ತು ಪರಮ್ಮನ ಮಾತುಗಳು. ಕತೆ ಉಳಿಯುತ್ತದೆ, ಕಟ್ಟುವ ವಿದ್ಯೆ ಹೋಗುತ್ತದೆ. ಧಾರವಾಡದ ರಂಗಾಯಣವಾಗಲಿ, ಬಯಲಾಟ ಅಕಾಡೆಮಿಯಾಗಲಿ ಮಾಸ್ತರರೊಬ್ಬರನ್ನೇ ಕರೆದು ಶಾಲು ಹೊದಿಸುವ ಬದಲು ಬೈಲಹೊಂಗಲ ಸವದತ್ತಿ ಕಡೆಯ ಒಂದು ಮೇಳವನ್ನು ಪೇಟಿ, ದಪ್ಪು, ಹಿಮ್ಮೇಳ ಸಮೇತ ಕರೆಯಲಿ. ಊರಿನ ಹೆಣ್ಣುಮಕ್ಕಳಿಗೂ ಅದರಲ್ಲಿ ಜಾಗ ಇರಲಿ. ಹೊಸ ಆಟವೊಂದನ್ನು ಕಟ್ಟಲು ಅವರಿಗೆ ಮೂರು ತಿಂಗಳ ಸಂಬಳ ಕೊಡಲಿ, ಬಂದ ಆಟ ಎಷ್ಟು ಹೊತ್ತು ಬೇಡುತ್ತದೋ ಅಷ್ಟು ಹೊತ್ತು ಆಡಲು ಬಿಡಲಿ. ಗಂಗಿಯ ಹಾಡುಗಳನ್ನು ಈ ಸಲ ಹೆಂಗಸರು ಕಟ್ಟಲಿ.