ರಾಧಾಬಿನೋದ ಪಾಲರ ಭಿನ್ನಮತ: ಆರನೆಯ ಭಾಗದ ವಿಮರ್ಶೆ

1946ರಿಂದ 1948ರ ವರೆಗೆ ಟೋಕಿಯೋ ನಗರದಲ್ಲಿ ನಡೆದ ಯುದ್ಧಾಪರಾಧಗಳ ವಿಚಾರಣೆಯಲ್ಲಿ ನ್ಯಾಯಾಧೀಶರು 11 ಮಂದಿ. ತೀರ್ಪಿಗೊಳಗಾದ 25 ಮಂದಿ ಜಪಾನೀ ಆರೋಪಿಗಳಲ್ಲಿ ಯಾರೊಬ್ಬರೂ ಯಾವ ಆರೋಪಕ್ಕೂ ದೋಷಿಗಳಲ್ಲವೆಂದು ಬರೆದವರು ಭಾರತದ ರಾಧಾಬಿನೋದ ಪಾಲರೊಬ್ಬರೇ. ಸಾವಿರ ಪುಟಗಳನ್ನು ಮೀರಿದ ಆ ಭಿನ್ನಮತವನ್ನು ನ್ಯಾಯಸ್ಥಾನದಲ್ಲಿ ಬಹಿರಂಗವಾಗಿ ಓದಲಿಲ್ಲ. ಅದನ್ನು ಓದಿದವರಿಗಿಂತ ಹೊಗಳಿದವರೇ ಹೆಚ್ಚೆಂದು ತೋರುವುದು.

ಗ್ರಂಥವು ಏಳು ಭಾಗಗಳುಳ್ಳದ್ದು. ಆಕ್ರಮಣಯುದ್ಧವನ್ನು ಹೂಡುವುದು ವ್ಯಕ್ತಿಯ ಅಪರಾಧವೆಂಬ ವಿಧಿ ಆ ಕಾಲದಲ್ಲಿರಲಿಲ್ಲ. ಗೆದ್ದವರು ತರುವಾಯ ಮಾಡಿದ ವಿಧಿಯಿಂದ ಸೋತವರ ಹಿಂದಿನ ಕೃತ್ಯವನ್ನು ಅಳೆಯಲಾಗದು. ಇದು ಮೊದಲ ಭಾಗಗಳ ಸಾರ. ವಸಾಹತುಗಳನ್ನಾಳುತ್ತಿದ್ದ ರಾಷ್ಟ್ರಗಳೇ ಆಕ್ರಮಣವನ್ನು ಖಂಡಿಸುವುದರಲ್ಲಿನ ವಿಪರ್ಯಾಸವನ್ನು ಪಾಲರು ಮರೆಮಾಚುವುದಿಲ್ಲ. ಇಲ್ಲಿ ವಾದವು ದೃಢವಾದುದು, ಶೈಲಿಯೂ ಓಜಸ್ವಿಯಾದುದು.

ಆರನೆಯ ಭಾಗಕ್ಕೆ ಬಂದೊಡನೆ ವಾದದ ನೆಲೆಯೇ ಬೇರೆಯಾಗುವುದು. ಸೆರೆಯಾಳುಗಳ ವಧೆಯನ್ನೂ ಸೂರೆಯನ್ನೂ ನಿಷೇಧಿಸುವ ವಿಧಿಗಳು 1907ರ ಹೇಗ್ ಒಡಂಬಡಿಕೆಯಲ್ಲಿಯೇ ಇದ್ದುವಾದುದರಿಂದ, ಹಿಂದಿಲ್ಲದ ಕಾನೂನೆಂಬ ಆಕ್ಷೇಪಕ್ಕೆ ಅಲ್ಲಿ ಎಡೆಯಿಲ್ಲ. 1937ರ ಡಿಸೆಂಬರಿನಲ್ಲಿ ನಾನ್‌ಕಿಂಗ್ ನಗರವು ಜಪಾನೀ ಸೈನ್ಯದ ವಶವಾದ ಮೇಲೆ ನಡೆದ ಕ್ರೌರ್ಯಗಳಿಗೆ ಸಾಕ್ಷ್ಯವು ಪ್ರಬಲವಾಗಿದೆಯೆಂದು ಪಾಲರೇ ಒಪ್ಪಿರುವರು. ಅವರ ಹೆಸರನ್ನು ಹೇಳಿ ಆ ಹತ್ಯಾಕಾಂಡವನ್ನೇ ಅಲ್ಲಗಳೆಯುವವರು ಈ ಪುಟಗಳನ್ನು ತೆರೆದಿರಲಾರರು!

ಪಾಲರ ಪ್ರಶ್ನೆ ಬೇರೆ: ಕಟಕಟೆಯಲ್ಲಿ ನಿಂತ ವ್ಯಕ್ತಿಯು ಅದಕ್ಕೆ ಹೊಣೆಯೇ? ಸೇನಾಪತಿ ಮಾತ್ಸುಯಿ ಇವಾನೆಯವರು ಶಿಸ್ತಿನ ಆಜ್ಞೆಗಳನ್ನು ಹೊರಡಿಸಿದ್ದರು; ಅವನ್ನು ಕೆಳಗಿನ ಅಧಿಕಾರಿಗಳು ನಡೆಯಿಸುವರೆಂದು ನಂಬುವುದು ಅವರಿಗೆ ಸಲ್ಲುತ್ತಿತ್ತೆಂಬುದು ಪಾಲರ ಮತ. ಬಹುಮತದ ತೀರ್ಪು ಅವೇ ಸಂಗತಿಗಳಿಂದ ವಿರುದ್ಧವಾದ ನಿರ್ಣಯಕ್ಕೆ ಬಂದಿತು. ಮೊದಲ ಆರು ವಾರಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕು ಜನರು ಹತರಾದರೆಂದೂ, ಮಾತ್ಸುಯಿಯವರು ಅದನ್ನರಿತೂ ಪರಿಣಾಮಕಾರಿಯಾದ ಕ್ರಮವನ್ನು ಕೈಕೊಳ್ಳಲಿಲ್ಲವೆಂದೂ ಹೇಳಿ, ಈ ಒಂದೇ ಆರೋಪದ ಮೇಲೆ ಅವರಿಗೆ ಮರಣದಂಡನೆಯನ್ನು ವಿಧಿಸಿತು.

ದಂಡನೆಯ ಕಠೋರತೆ ಹಾಗಿರಲಿ. ಪಾಲರ ತರ್ಕದ ಕುಂದು ಇಲ್ಲಿಯೇ ಇದೆ. ಆಜ್ಞೆ ಹೊರಡಿಸಿದ ಮಾತ್ರಕ್ಕೆ ಕರ್ತವ್ಯವು ತೀರುವುದಾದರೆ, ವಾರಗಟ್ಟಲೆ ಆ ಆಜ್ಞೆಯು ಉಲ್ಲಂಘಿತವಾಗುತ್ತಿದ್ದಾಗ ಅದನ್ನರಿತವನ ಔದಾಸೀನ್ಯಕ್ಕೆ ಏನು ಹೆಸರು? ಪ್ರಬಲ ರಾಷ್ಟ್ರಗಳ ನುಡಿಗೂ ನಡೆಗೂ ಇರುವ ಅಂತರವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ದೃಷ್ಟಿಯು, ಸೇನಾಪತಿಯ ಆಜ್ಞಾಪತ್ರವನ್ನು ಮಾತ್ರ ಬರೆದಂತೆಯೇ ನಂಬಿಬಿಡುವುದು.

ತಿಳಿದಿದ್ದವನನ್ನಷ್ಟೇ ಅಲ್ಲ, ತಿಳಿದಿರಬೇಕಾಗಿದ್ದ ಸೇನಾಧಿಪತಿಯನ್ನೂ 1998ರ ರೋಮ್ ಶಾಸನದ 28ನೆಯ ವಿಧಿಯು ಹೊಣೆಗಾರನನ್ನಾಗಿಸಿದೆ. ಆಕ್ರಮಣವನ್ನು ಕುರಿತ ಪಾಲರ ಸಂದೇಹಗಳಿಗಾದರೋ ಅಷ್ಟು ಸುಲಭವಾಗಿ ಸಮಾಧಾನ ದೊರೆತಿಲ್ಲ. ರೋಮ್ ಶಾಸನಕ್ಕೆ ಸೇರಬೇಕಾದ ಆ ಅಪರಾಧದ ಲಕ್ಷಣವು 2010ರಲ್ಲಿ ಕಂಪಾಲಾ ನಗರದಲ್ಲಿ ನಿಶ್ಚಿತವಾಯಿತು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಅದನ್ನು ವಿಚಾರಿಸುವ ಅಧಿಕಾರವು ಬಂದುದು 2018ರ ಜುಲೈ ತಿಂಗಳಿನಲ್ಲಿ.