ನಡುವಿನ ಚರಣ ಎಲ್ಲಿ ಹೋಯ್ತು?

ನಮ್ಮ ಮೈಸೂರಿನಲ್ಲಿ ಒಂದು ಸಭೆ ಶುರುವಾಗಬೇಕಾದರೆ ಯಾರಾದರೂ ಎದ್ದು ಪ್ರಾರ್ಥನೆ ಹಾಡಲೇಬೇಕು. ಗಣಪತಿ ಸ್ತುತಿ ಇರಬಹುದು, ವಚನ ಇರಬಹುದು, ‘ಕರುಣಾಳು ಬಾ ಬೆಳಕೆ’ ಇರಬಹುದು. ಈ ಮೂರನೆಯದು ಬಂದಾಗ ಪಕ್ಕದಲ್ಲಿ ಕೂತವರು ಒಮ್ಮೆ ನನ್ನನ್ನು ‘ಇದು ಯಾವ ದಾಸರ ಪದ?’ ಅಂತ ಕೇಳಿದ್ದರು. ಇಂಗ್ಲೆಂಡಿನ ಒಬ್ಬ ಪಾದ್ರಿಯದು ಅಂದೆ. ನಂಬಲಿಲ್ಲ. ನಂಬದೇ ಇದ್ದದ್ದು ಅನುವಾದಕರಿಗೆ ಸಿಕ್ಕ ದೊಡ್ಡ ಪ್ರಶಸ್ತಿ ಅನ್ನಿ.

ಅನುವಾದಿಸಿದವರು ಬಿ.ಎಂ. ಶ್ರೀಕಂಠಯ್ಯ, ಇಲ್ಲೇ ಮಹಾರಾಜಾ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಇದಿದೆ. ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್, 1833ರ ಜೂನ್‌ನಲ್ಲಿ. ಆಗ ಅವರಿಗೆ 32 ವರ್ಷ. ಸಿಸಿಲಿಯಲ್ಲಿ ಒಬ್ಬರೇ ಸುತ್ತಾಡಲು ಹೋಗಿ ಜ್ವರ ಬಂದು ಮಲಗಿದ್ದರು. ಜೊತೆಗಿದ್ದ ಸೇವಕ ಇವರು ಉಳಿಯುವುದಿಲ್ಲ ಅಂದುಕೊಂಡು, ಕೊನೆಯ ಮಾತೇನಾದರೂ ಇದ್ದರೆ ಹೇಳಿಬಿಡಿ ಅಂದಿದ್ದ. ಹಟಮಾರಿತನಕ್ಕೆ ಸಿಕ್ಕ ಶಿಕ್ಷೆ ಇದು ಅಂತ ನ್ಯೂಮನ್‌ಗೂ ಅನ್ನಿಸಿತ್ತು. ಬದುಕಿಕೊಂಡ ಮೇಲೆ ಕಿತ್ತಳೆ ಹೇರಿಕೊಂಡು ಮಾರ್ಸೇಲ್ಸ್‌ಗೆ ಹೊರಟ ಹಡಗು ಹತ್ತಿದರು. ನಡುಸಮುದ್ರದಲ್ಲಿ ಗಾಳಿ ನಿಂತುಹೋಯಿತು, ಹಡಗೂ ನಿಂತಿತು. ಪದ್ಯ ಹುಟ್ಟಿದ್ದು ಅಲ್ಲಿ. ಮುಂದೆ ಅವರು ಕ್ಯಾಥೊಲಿಕ್ ಆದರು, ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ಅದೆಲ್ಲ ಆಮೇಲಿನ ಮಾತು. ಬರೆಯುವಾಗ ಅವರು ಊರಿಗೆ ಹೋಗಲಾಗದೆ ಸಿಕ್ಕಿಬಿದ್ದಿದ್ದ ಒಬ್ಬ ಹಟಮಾರಿ, ಅಷ್ಟೆ.

ಮೂಲದಲ್ಲಿ ಏಸುವಿನ ಹೆಸರಿಲ್ಲ, ದೇವರು ಅನ್ನುವ ಶಬ್ದವೂ ಇಲ್ಲ. ಆದ್ದರಿಂದಲೇ ಅದು ಗಾಂಧೀಜಿಯ ಪ್ರಾರ್ಥನೆಗೂ ಬಂತು, ನಮ್ಮ ಶಾಲೆಗಳಿಗೂ ಬಂತು. ಬಿಎಂಶ್ರೀ ಮಾಡಿದ ಒಂದು ಕೆಲಸ ನೋಡಿ. ಇಂಗ್ಲಿಷಿನಲ್ಲಿ ಪದೇಪದೇ ಬರುವ ಬೇಡಿಕೆ ‘ನನ್ನನ್ನು ಮುಂದೆ ನಡೆಸು’ ಅನ್ನುವಷ್ಟೇ. ಅಲ್ಲಿ ಕೈ ಇಲ್ಲ. ಕನ್ನಡದಲ್ಲಿ ‘ಕೈಹಿಡಿದು’ ಸೇರಿತು. ಮಗುವನ್ನು ರಸ್ತೆ ದಾಟಿಸುವ ಕೈ, ಮದುವೆಯಲ್ಲಿ ಹಿಡಿಯುವ ಕೈ, ಕಷ್ಟದಲ್ಲಿ ‘ಕೈ ಬಿಡಬೇಡಪ್ಪಾ’ ಅನ್ನುವಾಗಿನ ಕೈ. ಇಂಗ್ಲಿಷಿನಲ್ಲಿ ದೂರದಿಂದ ದಾರಿ ತೋರಿಸುತ್ತಿದ್ದ ಬೆಳಕು ಇಲ್ಲಿ ಪಕ್ಕಕ್ಕೇ ಬಂದು ನಿಂತಿತು. ನನಗೆ ಇದು ಮೂಲಕ್ಕಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತದೆ.

ಎಲ್ಲ ಕಡೆ ಹಾಗಲ್ಲ. ಕೊನೆಯ ಚರಣದಲ್ಲಿ ಕವಿ ಹಿಂದೆ ಪ್ರೀತಿಸಿ ಈಗ ಕಳಕೊಂಡ ದೇವದೂತರ ಮುಖಗಳು ಬೆಳಗಿನ ಜಾವ ನಗುತ್ತವೆ. ಮೂಲದಲ್ಲಿ ಬಹುವಚನ. ಅವು ಯಾರ ಮುಖಗಳು ಅಂತ ವಯಸ್ಸಾದ ಮೇಲೆ ಕೇಳಿದವರಿಗೆ ನ್ಯೂಮನ್ ಸರಿಯಾಗಿ ಉತ್ತರ ಕೊಡಲಿಲ್ಲ. ಐದು ವರ್ಷದ ಹಿಂದಷ್ಟೇ ಅವರ ಪುಟ್ಟ ತಂಗಿ ಮೇರಿ ತೀರಿಕೊಂಡಿದ್ದಳು. ನನಗಂತೂ ಅದು ಅವಳನ್ನು ಬಿಟ್ಟು ಓದಲು ಬರುವುದಿಲ್ಲ. ಕನ್ನಡದಲ್ಲಿ ಅದು ಒಂದೇ ಮುಖ, ದೈವದ ಮುಖ. ಭಕ್ತಿಗೆ ಚಂದವೇ. ಆದರೆ ಸತ್ತ ತಂಗಿ, ದೂರವಾದ ಗೆಳೆಯ, ಇವರೆಲ್ಲ ಪದ್ಯದಿಂದ ಹೊರಗೆ ಹೋದರು. ದೇವರನ್ನು ಪ್ರೀತಿಸು, ನೆರೆಯವನನ್ನೂ ಪ್ರೀತಿಸು ಅಂತ ಎರಡನ್ನೂ ಒಟ್ಟಿಗೇ ಕಲಿತು ಬಂದ ನನಗೆ ಇಲ್ಲಿ ಎರಡನೆಯದು ಜಾರಿದ ಹಾಗೆ ಕಾಣುತ್ತದೆ.

ನನ್ನ ದೊಡ್ಡ ತಕರಾರು ಮಾತ್ರ ಬಿಎಂಶ್ರೀ ಮೇಲಲ್ಲ, ಹಾಡುವ ನಮ್ಮ ಮೇಲೆ. ಮೂರು ಚರಣದಲ್ಲಿ ನಾವು ಮೊದಲನೆಯದನ್ನು ಹಾಡಿ ಕೂರುತ್ತೇವೆ. ಟೈಮ್ ಇದ್ದರೆ ಕೊನೆಯದನ್ನೂ ಸೇರಿಸುತ್ತೇವೆ. ನಡುವಿನದನ್ನು ನುಂಗುತ್ತೇವೆ. ಆ ಚರಣದಲ್ಲಿ ಇರುವುದೇನು? ನಾನು ಮೊದಲು ಹೀಗಿರಲಿಲ್ಲ, ನನ್ನ ದಾರಿ ನಾನೇ ನೋಡಿಕೊಳ್ಳುತ್ತೇನೆ ಅಂತಿದ್ದೆ, ಥಳಕಿಗೆ ಮರುಳಾಗಿದ್ದೆ, ಹಳೆಯದನ್ನು ಮನಸ್ಸಲ್ಲಿಟ್ಟುಕೊಳ್ಳಬೇಡ. ನ್ಯೂಮನ್ ಅಲ್ಲಿ ಅಹಂಕಾರ ಅನ್ನುವ ಮರ್ಯಾದಸ್ಥ ನಾಮಪದ ಬಳಸುತ್ತಾರೆ. ಬಿಎಂಶ್ರೀ ‘ಕೊಬ್ಬು’ ಅನ್ನುವ ಬೀದಿಯ ಕ್ರಿಯಾಪದವನ್ನೇ ತಂದು ಕೂರಿಸಿದರು. ಬೇರೆಯವರಿಗೆ ದಿನಾ ಬೈಯುವ ಮಾತನ್ನು ಮೈಕಿನ ಮುಂದೆ ನಮಗೆ ನಾವೇ ಅಂದುಕೊಳ್ಳಬೇಕು. ಯಾರಿಗೆ ಬೇಕು ಹೇಳಿ? ನಮ್ಮ ಪೂಜೆಯ ಆರಂಭದಲ್ಲೂ ಎದೆ ತಟ್ಟಿಕೊಂಡು ತಪ್ಪು ನನ್ನದು ಅನ್ನುವ ಘಳಿಗೆಯೊಂದಿದೆ. ತಡವಾಗಿ ಬರುವವರು ಅದು ಮುಗಿದ ಮೇಲೇ ಒಳಗೆ ಕಾಲಿಡುತ್ತಾರೆ. ನಾನೂ ಆ ಪೈಕಿಯವನೇ.

ಅಪ್ಪನ ಮಣ್ಣಿನ ದಿನ ಇದು ನನ್ನ ತಲೆಗೆ ಹತ್ತಿತು. ಗಾನವೃಂದದ ಹಿರಿಯರೊಬ್ಬರು ಹಟ ಹಿಡಿದು ಮೂರೂ ಚರಣ ಹಾಡಿಸಿದರು. ಪೆಟ್ಟಿಗೆಯ ಆ ಕಡೆ ಅಣ್ಣ, ಈ ಕಡೆ ನಾನು. ಮನೆ ಭಾಗದ ವಿಷಯಕ್ಕೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮಹಡಿ ಬಾಗಿಲಿಗೆ ಹೊಸ ಬೀಗ ಹಾಕಿದವನು ನಾನು. ಮೊದಲ ಚರಣ ಇಬ್ಬರೂ ಜೋರಾಗಿಯೇ ಹಾಡಿದೆವು. ಎರಡನೆಯದು ಬಂದಾಗ ನನ್ನ ಬಾಯಿ ಮುಚ್ಚಿಕೊಂಡಿತು. ಅಣ್ಣನದೂ ಮುಚ್ಚಿತ್ತು, ನೋಡಿದೆ.

ಕ್ರೈಸ್ತ ಬದುಕು ಅಂದರೆ ಏನು ಅಂತ ಪ್ರಸಂಗಗಳಲ್ಲಿ ಬಹಳ ಕೇಳಿದ್ದೇನೆ. ಪ್ರೀತಿ, ಸೇವೆ, ಕ್ಷಮೆ, ಎಲ್ಲ ದೊಡ್ಡ ಶಬ್ದಗಳು. ಈ ಪದ್ಯ ಕೇಳುವುದು ಅಷ್ಟು ದೊಡ್ಡದಲ್ಲ. ದೂರದ ನೋಟ ಬೇಡ, ಒಂದು ಹೆಜ್ಜೆ ಇಡಿಸು ಅನ್ನುತ್ತದೆ. ಆದರೆ ಆ ಹೆಜ್ಜೆ ನಡುವಿನ ಚರಣವನ್ನು ಹಾದು ಬಂದವನದು. ಅದನ್ನು ಹಾಡದವನು ಬೆಳಕನ್ನು ಕರೆಯುವುದು ಅಲಂಕಾರಕ್ಕೆ, ದೀಪಾಲಂಕಾರದ ಬಲ್ಬು ಹಾಕಿಸಿದ ಹಾಗೆ. ಬಲ್ಬಿಗೆ ನಮ್ಮೂರಲ್ಲಿ ಬರವಿಲ್ಲ ಬಿಡಿ.

ಹನ್ನೊಂದನೇ ದಿನ ಮಹಡಿಯ ಇನ್ನೊಂದು ಕೀ ತಗೊಂಡು ಅಣ್ಣನ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ಸ್ಕೂಟರ್ ನಿಲ್ಲಿಸಿದೆ. ಏನು ಮಾತಾಡಬೇಕು ಅಂತ ಯೋಚಿಸಿದ್ದೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಕೀ ಮೇಜಿನ ಮೇಲಿಟ್ಟು, ‘ಬೀಗ ಹಾಕಿದ್ದು ನನ್ನ ತಪ್ಪಣ್ಣ’ ಅಂದೆ. ಅವನು ಕೀ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಫ್ಯಾನ್ ನೋಡಿದ. ಆಮೇಲೆ ಒಳಗೆ ಕೂಗಿ, ‘ಲೇ, ಇವನಿಗೆ ಸಕ್ಕರೆ ಕಮ್ಮಿ ಹಾಕಿ ಕಾಫಿ ಕೊಡು’ ಅಂದ.

ಭಾಗದ ಪತ್ರ ಇನ್ನೂ ಆಗಿಲ್ಲ.