ಮಹಾಪ್ರಬಂಧವೂ ಕಾದಂಬರಿಯೂ: ‘ಸಂಸ್ಕಾರ’ದ ಸಮಾಪ್ತಿಯನ್ನು ಕುರಿತು

ಸ್ನಾತಕೋತ್ತರ ಪದವಿಗಾಗಿ ಕಥೆಯನ್ನೋ ಕಾದಂಬರಿಯನ್ನೋ ಪ್ರಬಂಧದ ಸ್ಥಾನದಲ್ಲಿ ಒಪ್ಪಿಸುವ ಪದ್ಧತಿಯನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವು 1922ರಷ್ಟು ಹಿಂದೆಯೇ ಅಂಗೀಕರಿಸಿತು. ನಮ್ಮ ಕನ್ನಡ ವಿಭಾಗಗಳಲ್ಲಿಯಾದರೋ ಮಹಾಪ್ರಬಂಧವೆಂದರೆ ಸಂಶೋಧನೆಯೆಂದೇ ರೂಢಿ. ಆ ಪದ್ಧತಿ ಇಲ್ಲಿಗೂ ಬರಲೆಂದು ಬಯಸುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಸೃಷ್ಟಿಕೃತಿಯು ಮುಗಿದಿದೆಯೆಂಬುದನ್ನು ಪರೀಕ್ಷಕನು ಯಾವ ಪ್ರಮಾಣದಿಂದ ನಿರ್ಣಯಿಸತಕ್ಕದ್ದು?

ಈ ವಿಚಾರದಲ್ಲಿ ನಮಗೆ ದೊರೆಯುವ ಅತ್ಯಂತ ಸಮೀಪದ ನಿದರ್ಶನ ಯು. ಆರ್. ಅನಂತಮೂರ್ತಿಯವರದು. ಅವರು ಬರ್ಮಿಂಗ್‌ಹ್ಯಾಮಿನಲ್ಲಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು ಕುರಿತ ಪ್ರಬಂಧಕ್ಕೆ 1966ರಲ್ಲಿ ಡಾಕ್ಟರೇಟ್ ಪಡೆದರು. ಆ ವ್ಯಾಸಂಗದ ನಡುವೆಯೇ ಬರೆದ ‘ಸಂಸ್ಕಾರ’ವನ್ನು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಪ್ರಕಟಿಸಿತು. ಬರ್ಗ್‌ಮನ್ನನ ಚಲನಚಿತ್ರವೊಂದನ್ನು ನೋಡಿದ ಬಳಿಕ ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ನಡೆದ ಸಂಭಾಷಣೆ ಇದಕ್ಕೆ ಪ್ರೇರಣೆಯಾಯಿತೆಂದು ಅವರೇ ತಿಳಿಸಿದ್ದಾರೆ. ಇದೇ ಬ್ರಾಡ್‌ಬರಿಯವರು 1970ರಲ್ಲಿ ಆಂಗಸ್ ವಿಲ್ಸನ್ನರೊಡನೆ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ ಸೃಷ್ಟಿಸಾಹಿತ್ಯದ ಸ್ನಾತಕೋತ್ತರ ತರಗತಿಯನ್ನು ತೆರೆದುದು ಆಕಸ್ಮಿಕವೇ ಇರಬಹುದು, ಆದರೂ ಗಮನಾರ್ಹ.

ಪದವಿ ದೊರೆತುದು ಪ್ರಬಂಧಕ್ಕೆ; ಕನ್ನಡಕ್ಕೆ ದಕ್ಕಿದುದು ಕಾದಂಬರಿ. ಆದುದರಿಂದ ಪ್ರಬಂಧವು ಸೃಷ್ಟಿಗೆ ಅಡ್ಡಿಯೆಂದು ಕೆಲವರು ಹೇಳಬಹುದು. ಕೃತಿಯನ್ನೇ ನೋಡಿದರೆ ಹಾಗೆ ತೋರುವುದಿಲ್ಲ. ನಾರಣಪ್ಪನ ಶವಸಂಸ್ಕಾರ ಯಾರ ಕರ್ತವ್ಯ ಎಂಬ ಪ್ರಶ್ನೆಯಿಂದ ಕಥೆ ತೊಡಗುತ್ತದೆ. ಪ್ರಾಣೇಶಾಚಾರ್ಯರು ತಾಳೆಗರಿಗಳಲ್ಲಿ ಪ್ರಮಾಣವನ್ನು ಅರಸುತ್ತಾರೆ, ದೊರೆಯುವುದಿಲ್ಲ. ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ, ಅಪ್ಪಣೆಯಾಗುವುದಿಲ್ಲ. ಸಮಸ್ಯೆ, ಪೂರ್ವಪಕ್ಷ, ಆಧಾರಗಳ ಪರಿಶೀಲನೆ: ಇದು ಸಂಶೋಧಕನ ಕ್ರಮವೇ ಅಲ್ಲವೆ? ಆ ಕ್ರಮವು ಸೋತ ಸ್ಥಳದಲ್ಲಿ ಚಂದ್ರಿ ಎದುರಾಗುತ್ತಾಳೆ, ಕಾದಂಬರಿ ನಿಜವಾಗಿ ಮೊದಲಾಗುತ್ತದೆ.

ಇನ್ನೂ ಸೂಕ್ಷ್ಮವಾದ ಅಂಶ ಬೇರೊಂದಿದೆ. ಚಂದ್ರಿಯು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲಿಯೇ ಶವವನ್ನು ಸುಡಿಸಿಬಿಡುತ್ತಾಳೆ. ಆಚಾರ್ಯರಿಗೆ ಇದು ತಿಳಿಯದು, ಓದುವವರಿಗೆ ತಿಳಿದಿದೆ. ಪ್ರಬಂಧದ ದೃಷ್ಟಿಯಿಂದ ಸಮಸ್ಯೆ ಅಲ್ಲಿಗೆ ಪರಿಹಾರವಾಯಿತು. ಕೃತಿ ಮಾತ್ರ ಮುಂದುವರಿದು, ಮೇಳಿಗೆಯ ಜಾತ್ರೆಯನ್ನು ಹಾದು, ದೂರ್ವಾಸಪುರದ ಕಡೆಗೆ ಹೊರಟ ಆಚಾರ್ಯರನ್ನು ದಾರಿಯಲ್ಲಿಯೇ ಬಿಟ್ಟು ನಿಲ್ಲುತ್ತದೆ. ಅಗ್ರಹಾರದಲ್ಲಿ ಅವರು ಏನೆಂದು ನುಡಿದರೋ ನಾವರಿಯೆವು. ಉಪಸಂಹಾರವೆಲ್ಲಿ ಎಂದು ಕೇಳುವ ಪರೀಕ್ಷಕನು ಇದನ್ನು ಅಪೂರ್ಣವೆಂದು ಹಿಂದಿರುಗಿಸುತ್ತಿದ್ದನು. ನಮ್ಮ ಅಭಿಪ್ರಾಯದಲ್ಲಿ ಇದು ಪೂರ್ಣಕೃತಿ. ಏಕೆಂದರೆ ಶವವನ್ನು ಕುರಿತ ಪ್ರಶ್ನೆ ಇಷ್ಟರಲ್ಲಿ ಆಚಾರ್ಯರನ್ನೇ ಕುರಿತ ಪ್ರಶ್ನೆಯಾಗಿ ಮಾರ್ಪಟ್ಟಿದೆ.

ಸಿಂಧನೂರು ತಾಲ್ಲೂಕಿನ ಜವಳಗೇರಾದ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯನ್ನೇ ವಸ್ತುವಾಗಿ ಆರಿಸಿಕೊಂಡನೆಂದು ಭಾವಿಸೋಣ. ಜೋಳ ಬೆಳೆಯುತ್ತಿದ್ದ ಎರೆಭೂಮಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದುದು, ಭತ್ತ ಹಬ್ಬಿದುದು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ನೆಲೆಗೊಂಡುದು, ಇವೆಲ್ಲವೂ ಕಾದಂಬರಿಗೆ ಒದಗತಕ್ಕವೇ. ಈಗಿನ ರೂಢಿಯಲ್ಲಿ ಅವನು ಅನ್ಯರ ಕಾದಂಬರಿಗಳಲ್ಲಿ ಗ್ರಾಮಜೀವನದ ಚಿತ್ರಣವೆಂದು ನಾನೂರು ಪುಟ ಬರೆಯಬೇಕು. ತನ್ನದನ್ನು ರಾತ್ರಿ ಬರೆದುಕೊಳ್ಳಬೇಕು. ಎಲ್ಲರಿಗೂ ಅನಂತಮೂರ್ತಿಯವರ ಶಕ್ತಿಯೂ ಬಿಡುವೂ ಇರಲಾರವು. ಆದಕಾರಣ ಸೃಷ್ಟಿಕೃತಿಗೂ ಪದವಿ ಸಲ್ಲಲಿ. ಆದರೆ ವಿಮರ್ಶಾತ್ಮಕ ಪೀಠಿಕೆಯನ್ನು ಜೊತೆಗಿಡಬೇಕೆಂದು ವಿಧಿಸುವುದಾದರೆ, ಕೃತಿಯ ಕೊರತೆಯನ್ನು ಪೀಠಿಕೆ ತುಂಬಿಕೊಡುವ ಅಪಾಯವಿದೆ. ಕೃತಿಯನ್ನು ಓದಿ, ಅಂಕವನ್ನು ಬರೆದಿಟ್ಟ ಮೇಲೆಯೇ ಪರೀಕ್ಷಕನು ಪೀಠಿಕೆಯನ್ನು ತೆರೆಯತಕ್ಕದ್ದೆಂಬ ನಿಯಮವಿರುವುದು ಲೇಸು.